ಟರ್ಬೊ ಎಂಜಿನ್ ಬರುವುದು ಸಂಸಾರ ಸಮೇತ

ಗುಜರಿಯಿಂದ ಟರ್ಬೊ (ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಚಕ್ರ) ಇರುವ ಎಂಜಿನ್ ಎತ್ತಿ ತಂದು ಪೈಪಿನ ಚೌಕಟ್ಟಿನ ಹಗುರ ಕಾರಿಗೆ ಕೂರಿಸುವುದರಲ್ಲಿ, ಕೂರಿಸುವ ಕೆಲಸವೇ ಎಲ್ಲಕ್ಕಿಂತ ಸಣ್ಣದು. ಚೈನ್ ಪುಲ್ಲಿ, ವೆಲ್ಡಿಂಗ್ ಮಷಿನ್ ಮತ್ತು ಒಬ್ಬ ಒಳ್ಳೆಯ ಲೇತ್ ಮಿಸ್ತ್ರಿ ಇದ್ದರೆ ಎರಡು ದಿನದಲ್ಲಿ ಎಂಜಿನ್ ಚೌಕಟ್ಟಿನೊಳಗೆ ನಿಂತಿರುತ್ತದೆ. ಆಮೇಲಿನ ತಿಂಗಳುಗಳೆಲ್ಲ ಹೋಗುವುದು ಅದರ ಸಂಸಾರಕ್ಕೆ. ರೇಡಿಯೇಟರ್, ಇಂಟರ್‌ಕೂಲರ್ (ಟರ್ಬೊದಿಂದ ಬರುವ ಬಿಸಿಗಾಳಿಯನ್ನು ತಣಿಸುವ ಜಾಲರಿ), ಗಾಳಿ ಫಿಲ್ಟರ್, ಇಸಿಯು (ಎಂಜಿನ್ನನ್ನು ನಡೆಸುವ ಕಂಪ್ಯೂಟರ್ ಪೆಟ್ಟಿಗೆ), ವೈರಿಂಗ್, ಕೀ, ಪೆಡಲ್, ಆಯಿಲ್ ಪೈಪು. ಹಳೆಯ ಕಾರಿನಲ್ಲಿ ಇವೆಲ್ಲ ಸದ್ದಿಲ್ಲದೆ ಕೆಲಸ ಮಾಡುತ್ತಿದ್ದವು, ಹಾಗಾಗಿ ಯಾರ ಲೆಕ್ಕಕ್ಕೂ ಬಂದಿರಲಿಲ್ಲ. ಬಳ್ಳಾರಿಯ ಏಪ್ರಿಲ್ ಬಿಸಿಲಿನಲ್ಲಿ, ಸಂಡೂರು ಕಡೆಯ ಕೆಂಧೂಳಿನಲ್ಲಿ ಇವುಗಳಲ್ಲಿ ಒಂದು ಕೈಕೊಟ್ಟರೂ ಎಂಜಿನ್ ಉಳಿಯುವುದಿಲ್ಲ.

ಕಿಟ್ ಕಾರ್ ಅಂದರೆ ಬಿಡಿಬಿಡಿಯಾಗಿ ಕೊಂಡು ನಾವೇ ಜೋಡಿಸುವ ಕಾರು. ಇಂಗ್ಲೆಂಡಿನಲ್ಲಿ 1957ರಲ್ಲಿ ಬಂದ ಲೋಟಸ್ ಸೆವೆನ್ ಇದರ ಹೆಸರಾಂತ ಮಾದರಿ. 1973ರಿಂದ ಅದನ್ನು ಕೇಟರ್‌ಹ್ಯಾಮ್ ಕಂಪನಿ ಮಾಡುತ್ತ ಬಂದಿದೆ. 2013ರಲ್ಲಿ ಅದೇ ಕಂಪನಿ ಸುಜುಕಿಯ 660 ಸಿಸಿ ಮೂರು ಸಿಲಿಂಡರ್ ಟರ್ಬೊ ಎಂಜಿನ್ನನ್ನು ಸುಮಾರು 490 ಕೆಜಿ ತೂಕದ ಸೆವೆನ್‌ಗೆ ಹಾಕಿತು. ಶಕ್ತಿ ಬರೀ 80 ಎಚ್‌ಪಿ, ಆದರೂ ಅಷ್ಟು ಹಗುರ ಕಾರಿಗೆ ಅದು ಕಡಿಮೆಯಲ್ಲ. ತೂಕ ಇಲ್ಲದ ಕಾರಿಗೆ ದೊಡ್ಡ ಎಂಜಿನ್ ಬೇಕಾಗಿಲ್ಲ ಅನ್ನುವುದಕ್ಕೆ ಇಷ್ಟು ಸಾಕು. ನಮ್ಮ ಕಡೆ ಕಿಟ್ ಪೆಟ್ಟಿಗೆಯಲ್ಲಿ ಬರುವುದಿಲ್ಲ, ಪೈಪ್ ಕತ್ತರಿಸಿ ಬೆಸೆದದ್ದೇ ಕಿಟ್.

ಕಾನೂನಿನ ಮಾತನ್ನು ಮೊದಲೇ ಮುಗಿಸಿಬಿಡೋಣ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನ ಪ್ರಕಾರ, ತಯಾರಕರು ನಿಗದಿಪಡಿಸಿದ ವಿವರ ಬದಲಾಗುವಂತೆ ಗಾಡಿಯನ್ನು ಮಾರ್ಪಡಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಇನ್ನಷ್ಟು ಬಿಗಿಯಾಗಿ ಹೇಳಿತು. ಮನೆಯಲ್ಲಿ ಕಟ್ಟಿದ ಕಾರಿಗೆ ಕೆಎ-34 (ಬಳ್ಳಾರಿ ಆರ್‌ಟಿಒ) ನಂಬರ್ ಸಿಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಇದು ಸ್ವಂತ ಜಮೀನು, ಕಾಲೇಜು ಆವರಣ, ರೇಸ್ ಟ್ರ್ಯಾಕ್‌ಗಳಲ್ಲಿ ಓಡುವ ಗಾಡಿ. ಹೊಸಪೇಟೆ ಹೆದ್ದಾರಿಗೆ ಬರುವಂಥದ್ದಲ್ಲ. ಟ್ರ್ಯಾಕಿಗೆ ಒಯ್ಯುವಾಗಲೂ ಟ್ರಾಲಿಯ ಮೇಲೆಯೇ.

ಯಾವ ಎಂಜಿನ್?

ಗುಜರಿಯಲ್ಲಿ ಧಾರಾಳವಾಗಿ ಸಿಗುವ ಟರ್ಬೊ ಅಂದರೆ 1.3 ಲೀಟರಿನ ಡೀಸೆಲ್. 1248 ಸಿಸಿ, ಸ್ವಿಫ್ಟ್‌ನಲ್ಲಿ 75 ಪಿಎಸ್ (ಹೆಚ್ಚುಕಡಿಮೆ ಎಚ್‌ಪಿಯಷ್ಟೇ) ಶಕ್ತಿ, 190 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ. ಮಾರುತಿ 2020ರಲ್ಲಿ ನಿಲ್ಲಿಸುವವರೆಗೂ ಲಕ್ಷಗಟ್ಟಲೆ ಕಾರುಗಳಲ್ಲಿ ಬಂದ ಎಂಜಿನ್ ಆದ್ದರಿಂದ ಬಿಡಿಭಾಗಕ್ಕೆ ಬರವಿಲ್ಲ, ರಿಪೇರಿ ಬಲ್ಲವರು ಸಿಂಧನೂರು, ಗಂಗಾವತಿಯಲ್ಲೂ ಇದ್ದಾರೆ. ಆದರೂ ಹಗುರ ಕಾರಿಗೆ ಇದು ಬೇಡ. ಎರಕದ ಕಬ್ಬಿಣದ ಬ್ಲಾಕಿನ ಭಾರವೆಲ್ಲ ಒಂದೇ ಕಡೆ ಬೀಳುತ್ತದೆ, ಎಳೆತ 2,000 ಆರ್‌ಪಿಎಂ ಆಸುಪಾಸು ಒಮ್ಮೆಲೇ ಬಂದು 4,000 ದಾಟುತ್ತಲೇ ಸತ್ತುಹೋಗುತ್ತದೆ.

ಪೆಟ್ರೋಲ್ ಟರ್ಬೊಗಳಲ್ಲಿ ಎರಡು ಜಾತಿ. ಬಲೆನೊ ಆರ್‌ಎಸ್‌ನಲ್ಲಿ 2017ರಲ್ಲಿ ಬಂದ 998 ಸಿಸಿ ಬೂಸ್ಟರ್‌ಜೆಟ್ ಒಂದು ಜಾತಿ: ಸುಮಾರು 102 ಪಿಎಸ್, 150 ನ್ಯೂಟನ್ ಮೀಟರ್, ಹಗುರ. ಆದರೆ ಪೆಟ್ರೋಲ್ ನೇರ ಸಿಲಿಂಡರಿನೊಳಗೆ ಚಿಮ್ಮುತ್ತದೆ. ಅದಕ್ಕೆ ಕ್ಯಾಮ್‌ಶಾಫ್ಟಿನಿಂದ ತಿರುಗುವ ಹೆಚ್ಚು ಒತ್ತಡದ ಪಂಪು ಬೇಕು, ಆ ಪಂಪನ್ನೂ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರನ್ನೂ ಆಡಿಸಬಲ್ಲ ಇಸಿಯು ಬೇಕು. ಮೂಲ ಇಸಿಯು ಕೈಕೊಟ್ಟರೆ ಅಗ್ಗದ ಬದಲಿ ಸಿಗುವುದಿಲ್ಲ. ಎರಡನೇ ಜಾತಿಗೆ ಉದಾಹರಣೆ ಟಾಟಾ ಜೆಸ್ಟ್‌ನಲ್ಲಿ 2014ರಲ್ಲಿ ಬಂದ ರೆವೊಟ್ರಾನ್ 1.2 ಟರ್ಬೊ. ನಾಲ್ಕು ಸಿಲಿಂಡರ್, 1193 ಸಿಸಿ, 90 ಪಿಎಸ್, 140 ನ್ಯೂಟನ್ ಮೀಟರ್. ಇಂಜೆಕ್ಟರ್‌ಗಳು ಮ್ಯಾನಿಫೋಲ್ಡಿನಲ್ಲಿ (ಗಾಳಿ ಒಳಹೋಗುವ ಕೊಳವೆಯಲ್ಲಿ) ಇವೆ, ಸಾಮಾನ್ಯ ಒತ್ತಡದ ಪಂಪೇ ಸಾಕು. ಕಾಗದದ ಮೇಲೆ ಬೂಸ್ಟರ್‌ಜೆಟ್ ಚೆನ್ನ, ಶೆಡ್ಡಿನಲ್ಲಿ ರೆವೊಟ್ರಾನ್ ಚೆನ್ನ. ಮುಂದಿನ ಲೆಕ್ಕಗಳೆಲ್ಲ ಈ ಎರಡನೇ ಜಾತಿಯ ಎಂಜಿನ್ನಿಗೆ.

ಕೊಳ್ಳುವಾಗ ಎಂಜಿನ್ ಮಾತ್ರ ಕೊಳ್ಳಬೇಡಿ, ಆಗುವುದಾದರೆ ಗುದ್ದಿದ ಕಾರನ್ನು ಇಡಿಯಾಗಿ ಕೊಳ್ಳಿ. ಇಲ್ಲವೇ ಅದೇ ಕಾರಿನ ಇಸಿಯು, ಕೀ, ಕೀ ಸುತ್ತಿನ ಆಂಟೆನಾ ರಿಂಗ್, ಮೀಟರ್ ಬೋರ್ಡ್, ಆಕ್ಸಿಲರೇಟರ್ ಪೆಡಲ್, ಎಂಜಿನ್ ವೈರಿಂಗ್ ಪೂರ್ತಿ, ಫ್ಯೂಸ್ ಬಾಕ್ಸ್, ಡ್ರೈವ್ ಶಾಫ್ಟ್ (ಗೇರ್ ಬಾಕ್ಸಿನಿಂದ ಚಕ್ರಕ್ಕೆ ಹೋಗುವ ಶಾಫ್ಟ್), ಗೇರ್ ಕೇಬಲ್, ರೇಡಿಯೇಟರ್ ಫ್ಯಾನ್ ಸಮೇತ ಕೇಳಿ. ಕೀ ಮತ್ತು ಇಸಿಯು ಬೇರೆ ಬೇರೆ ಕಾರಿನವಾದರೆ ಕಳವು ತಡೆಯುವ ಇಮೊಬಿಲೈಸರ್ ಕೀಯ ಗುರುತು ಹಿಡಿಯುವುದಿಲ್ಲ, ಸ್ಟಾರ್ಟರ್ ತಿರುಗಿದರೂ ಪೆಟ್ರೋಲ್ ಬಾರದು. ಅರ್ಧಕ್ಕೆ ನಿಂತುಹೋಗುವ ಎಂಜಿನ್ ಕಸಿ‌ಗಳಲ್ಲಿ ಹೆಚ್ಚಿನವು ನಿಲ್ಲುವುದು ಇಲ್ಲೇ. ಎಂಜಿನ್ ನಂಬರ್ ಆರ್‌ಸಿ ಪ್ರತಿಯೊಂದಿಗೆ ತಾಳೆಯಾಗಬೇಕು, ಬಿಲ್ ಬರೆಸಿಕೊಳ್ಳಬೇಕು. ಕಳವಿನ ಎಂಜಿನ್ ಅಗ್ಗವಾಗಿಯೇ ಬರುತ್ತದೆ.

ಅಂಗಡಿಯಲ್ಲೇ ಮಾಡಬಹುದಾದ ಪರೀಕ್ಷೆ ಮೂರು. ನಾಲ್ಕೂ ಸಿಲಿಂಡರಿನ ಕಂಪ್ರೆಷನ್ ಅಳೆಯಿರಿ: ಅಂಕಿ ಎಷ್ಟು ಬಂತು ಅನ್ನುವುದಕ್ಕಿಂತ ಒಂದಕ್ಕೊಂದು ಶೇ. 10ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು ಅನ್ನುವುದು ಮುಖ್ಯ. ಟರ್ಬೊದ ಗಾಳಿ ಬಾಯಿಯ ಪೈಪು ಬಿಚ್ಚಿ, ಚಕ್ರದ ನಡುವಿನ ನಟ್ಟನ್ನು ಬೆರಳಲ್ಲಿ ಹಿಡಿದು ಅಲ್ಲಾಡಿಸಿ. ಪಕ್ಕಕ್ಕೆ ಕೂದಲೆಳೆಯಷ್ಟು ಆಡಿದರೆ ಸರಿ, ಮುಂದಕ್ಕೆ ಹಿಂದಕ್ಕೆ ಆಡಿದರೆ ಬೇಡ. ಚಕ್ರದ ಅಲಗುಗಳ ಅಂಚು ಉಜ್ಜಿದಂತೆ ಮೊಂಡಾಗಿದ್ದರೂ ಬೇಡ, ಅದು ಧೂಳು ತಿಂದ ಟರ್ಬೊ. ಕೊನೆಗೆ ಇಂಟರ್‌ಕೂಲರಿನ ಕೆಳಗಿನ ಪೈಪ್ ಬಿಚ್ಚಿ ನೋಡಿ. ಒಳಗೆ ಎಣ್ಣೆಯ ಪಸೆ ಇದ್ದರೆ ಸಹಜ, ಸುರಿಯುವಷ್ಟಿದ್ದರೆ ಸೀಲ್ ಹೋಗಿದೆ.

ಬೂಸ್ಟ್ ಹೆಚ್ಚಿಸುವ ಆಸೆ

ಟರ್ಬೊ ಒತ್ತುವ ಗಾಳಿಯ ಒತ್ತಡವೇ ಬೂಸ್ಟ್, ಅದನ್ನು ಏರಿಸಿದರೆ ಶಕ್ತಿ ಏರುತ್ತದೆ. ಅದು ಬೇಕೇ ಅಂತ ಲೆಕ್ಕ ಹಾಕಿ ನೋಡೋಣ. ಖಾಲಿ ಕಾರು 620 ಕೆಜಿ, ಓಡಿಸುವವರು 70 ಕೆಜಿ, ಒಟ್ಟು 690 ಅಂದುಕೊಳ್ಳೋಣ. 90 ಪಿಎಸ್ ಅಂದರೆ ಟನ್ನಿಗೆ 130 ಪಿಎಸ್. ಅದೇ ಎಂಜಿನ್ ಜೆಸ್ಟ್‌ನಲ್ಲಿದ್ದಾಗ ಕಾರೇ 1,100 ಕೆಜಿ ಮೀರಿತ್ತು, ಟನ್ನಿಗೆ 80 ಕೂಡ ಬೀಳುತ್ತಿರಲಿಲ್ಲ.

ಈಗ ಚಕ್ರದ ಕಡೆಯಿಂದ ನೋಡಿ. ಮೊದಲ ಗೇರೂ ಡಿಫರೆನ್ಷಿಯಲ್ಲೂ (ಎರಡು ಚಕ್ರಕ್ಕೆ ಬಲ ಹಂಚುವ ಗೇರು) ಸೇರಿ ಟಾರ್ಕನ್ನು ಸುಮಾರು 14 ಪಟ್ಟು ಮಾಡುತ್ತವೆ ಅನ್ನಿ. 140ಕ್ಕೆ 14 ಗುಣಿಸಿದರೆ 1,960 ನ್ಯೂಟನ್ ಮೀಟರ್. ಶೇ. 10 ನಷ್ಟ ಕಳೆದು, 0.29 ಮೀಟರ್ ತ್ರಿಜ್ಯದ ಚಕ್ರಕ್ಕೆ ಭಾಗಿಸಿದರೆ ನೆಲಕ್ಕೆ ಬೀಳುವ ತಳ್ಳುಬಲ 6,000 ನ್ಯೂಟನ್ ಆಸುಪಾಸು. ಎಂಜಿನ್ ಹಿಂದೆ ಕೂತು, ಕಾರನ್ನು ತಳ್ಳುವ ಹಿಂದಿನ ಎರಡು ಚಕ್ರದ ಮೇಲೆ 400 ಕೆಜಿ ಇದ್ದರೆ, ಒಣ ಡಾಂಬರಿನ ಮೇಲೆ ಟೈರ್ ತಡೆದುಕೊಳ್ಳುವುದು 3,500, ಹೊರಡುವಾಗ ಭಾರ ಹಿಂದಕ್ಕೆ ವಾಲುವುದನ್ನು ಸೇರಿಸಿದರೆ 4,200. ಮೊರಂ ಮಣ್ಣಿನಲ್ಲಿ ಅದರ ಅರ್ಧ. ಅಂದರೆ ಮೊದಲ ಗೇರಿನಲ್ಲಿ ಎಂಜಿನ್ನಿನ ಮೂಲ ಶಕ್ತಿಯೇ ನೆಲಕ್ಕೆ ದಕ್ಕುವುದಿಲ್ಲ, ಟೈರ್ ಸುಟ್ಟುಕೊಂಡು ತಿರುಗುತ್ತದೆ. ಎರಡನೇ ಗೇರಿನಲ್ಲಿ, ಎಂಟು ಪಟ್ಟಿನ ಲೆಕ್ಕ ಹಿಡಿದರೆ, ಸುಮಾರು 3,500 ನ್ಯೂಟನ್. ಡಾಂಬರಿನ ಮೇಲೆ ಹಿಡಿತಕ್ಕೆ ಸರಿಸಮ. ಇಂಥ ಗಾಡಿಗೆ ಬೂಸ್ಟ್ ಏರಿಸುವುದು ತುಂಬಿದ ಕೊಡಕ್ಕೆ ನೀರು ಹೊಯ್ದಂತೆ.

ಟರ್ಬೊದ ಟಾರ್ಕ್ ಬರುವ ರೀತಿಯೂ ಹಗುರ ಕಾರಿಗೆ ಕಿರಿಕಿರಿ. ತಿರುವಿನ ನಡುವೆ ಕಾಲು ಒತ್ತಿದಾಗ ಅರೆ ಕ್ಷಣ ಏನೂ ಆಗದೆ, ಆಮೇಲೆ ಒಮ್ಮೆಲೇ ತಳ್ಳಿದರೆ ಹಿಂಭಾಗ ಜಾರುತ್ತದೆ. ಮೂಲ ಇಸಿಯು ಇದನ್ನು ಥ್ರಾಟಲ್ (ಗಾಳಿಯ ಬಾಗಿಲು) ಮೂಲಕ ಮೆತ್ತಗೆ ಮಾಡಿರುತ್ತದೆ. ಮೂಲ ಬೂಸ್ಟ್, ಮೂಲ ಇಸಿಯು ಎರಡನ್ನೂ ಬಿಡದಿರಲು ಇದೂ ಒಂದು ಕಾರಣ.

ಎಲ್ಲಿ, ಹೇಗೆ ಕೂರಿಸುವುದು

ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ಎಂಜಿನ್, ಗೇರ್ ಬಾಕ್ಸ್, ಡಿಫರೆನ್ಷಿಯಲ್ ಮೂರೂ ಒಂದೇ ಗಂಟು. ಆ ಗಂಟನ್ನು ಹಾಗೇ ಚಾಲಕನ ಬೆನ್ನ ಹಿಂದೆ ಇಡುವುದು ಸುಲಭದ ದಾರಿ. ಉದ್ದನೆ ಪ್ರೊಪೆಲ್ಲರ್ ಶಾಫ್ಟ್ ಬೇಡ, ಬೇರೆ ಆಕ್ಸಲ್ ಹುಡುಕುವ ಕೆಲಸವಿಲ್ಲ. ಒಂದೇ ಎಚ್ಚರ: ಮೂಲ ಕಾರಿನಲ್ಲಿ ಮುಂದಕ್ಕೆ ಮುಖ ಮಾಡಿದ್ದ ಬದಿ ಇಲ್ಲೂ ಮುಂದಕ್ಕೇ ಇರಬೇಕು. ಜಾಗಕ್ಕೆ ಅನುಕೂಲ ಅಂತ ಅರ್ಧ ಸುತ್ತು ತಿರುಗಿಸಿ ಇಟ್ಟರೆ ಹಿಂದಕ್ಕೆ ಐದು ಗೇರ್, ಮುಂದಕ್ಕೆ ಒಂದು ಗೇರ್ ಸಿಗುತ್ತದೆ. ನಗು ಬರುವ ತಪ್ಪು, ಆದರೆ ವೆಲ್ಡಿಂಗ್ ಮುಗಿದ ಮೇಲೆ ಗೊತ್ತಾದರೆ ನಗು ಬರುವುದಿಲ್ಲ.

ಎಂಜಿನ್ ಮೌಂಟುಗಳನ್ನು ರಬ್ಬರ್ ಸಮೇತ ಮೂಲ ಕಾರಿನದೇ ಬಳಸಿ. ಮೇಲೆ ಎರಡು ಮೌಂಟ್ ಭಾರ ಹೊರುತ್ತವೆ, ಕೆಳಗಿನ ಟಾರ್ಕ್ ರಾಡ್ ಎಂಜಿನ್ ಹಿಂದೆ ಮುಂದೆ ಉರುಳದಂತೆ ಹಿಡಿಯುತ್ತದೆ. ಆ 1,960 ನ್ಯೂಟನ್ ಮೀಟರ್ ಚಕ್ರವನ್ನು ಮುಂದಕ್ಕೆ ತಿರುಗಿಸುವಾಗ ಅಷ್ಟೇ ಬಲದಿಂದ ಎಂಜಿನ್ನನ್ನು ಹಿಂದಕ್ಕೆ ಮಗುಚಲು ನೋಡುತ್ತದೆ. ಟಾರ್ಕ್ ರಾಡ್‌ನ ಬ್ರಾಕೆಟ್ಟನ್ನು ಪೈಪಿನ ನಡುಮಧ್ಯಕ್ಕೆ ಬೆಸೆದರೆ ಪೈಪು ಬಾಗಿ, ಕೊನೆಗೆ ಬೆಸುಗೆಯ ಪಕ್ಕದಲ್ಲೇ ಬಿರುಕು ಬಿಡುತ್ತದೆ. ಎರಡು ಮೂರು ಪೈಪ್ ಕೂಡುವ ಗಂಟಿನ ಹತ್ತಿರ 5 ಮಿಮೀ ಪ್ಲೇಟ್ ಇಟ್ಟು, ತ್ರಿಕೋನದ ಗಸೆಟ್ (ಆಸರೆ ತಗಡು) ಕೊಟ್ಟು ಬೆಸೆಯಿರಿ. ಚೌಕಟ್ಟಿಗೆ 25 ಮಿಮೀ ಚೌಕ ಪೈಪ್, 1.6 ರಿಂದ 2 ಮಿಮೀ ದಪ್ಪ ಆಗುತ್ತದೆ. ತಲೆಯ ಮೇಲಿನ ರೋಲ್ ಹೂಪ್ (ಕಾರು ಮಗುಚಿದರೆ ಕಾಯುವ ಕಮಾನು) ಮಾತ್ರ 40 ಮಿಮೀ ಆಸುಪಾಸಿನ, 2.5 ಮಿಮೀ ದಪ್ಪದ ಸೀಮ್‌ಲೆಸ್ ಪೈಪ್ ಆಗಿರಲಿ. ಕಿಟಕಿ ಗ್ರಿಲ್ಲಿನ ಪೈಪು ಅದಕ್ಕೆ ಆಗದು.

ಎಲ್ಲವನ್ನೂ ಮೊದಲು ಟ್ಯಾಕ್ (ಚುಕ್ಕೆ ಬೆಸುಗೆ) ಹಾಕಿ ಮಾತ್ರ ನಿಲ್ಲಿಸಿ. ಚಕ್ರ ಕಟ್ಟಿ, ಕಾರು ನೆಲದ ಮೇಲೆ ಎಷ್ಟು ಎತ್ತರದಲ್ಲಿ ನಿಲ್ಲುವುದೋ ಅಷ್ಟಕ್ಕೆ ಇಟ್ಟು ಡ್ರೈವ್ ಶಾಫ್ಟ್ ಹಾಕಿ ನೋಡಿ. ಸಸ್ಪೆನ್ಷನ್ ಪೂರ್ತಿ ಮೇಲೆ, ಪೂರ್ತಿ ಕೆಳಗೆ ಆಡಿಸಿದಾಗಲೂ ಒಳಜಾಯಿಂಟ್ ತಳಕ್ಕೆ ಬಡಿಯಬಾರದು, ಕಳಚಿಕೊಳ್ಳಲೂಬಾರದು. ಎರಡೂ ಕಡೆ 10 ಮಿಮೀ ಆದರೂ ಉಳಿದಿರಲಿ. ಉದ್ದ ಸರಿಹೋಗದಿದ್ದರೆ ಶಾಫ್ಟ್ ಕತ್ತರಿಸಿ ಬೆಸೆಯುವವರಿದ್ದಾರೆ. ಬೆಸುಗೆ ಶಾಖಕ್ಕೆ ಶಾಫ್ಟಿನ ಹದ ಹೋಗುತ್ತದೆ, ಆಮೇಲೆ ಮೊದಲ ಗೇರಿನ ಒಂದೇ ಜಗ್ಗಿಗೆ ತಿರುಚಿಕೊಂಡು ತುಂಡಾಗುತ್ತದೆ. ಚೌಕಟ್ಟಿನ ಅಗಲವನ್ನೇ ಮೂಲ ಶಾಫ್ಟಿನ ಉದ್ದಕ್ಕೆ ಹೊಂದಿಸಿಕೊಳ್ಳುವುದು ಜಾಣತನ.

ಮೂಲ ಕಾರಿನ ಮುಂದಿನ ಹಬ್ಬು, ನಕಲ್ (ಹಬ್ಬನ್ನು ಹಿಡಿಯುವ ತುಂಡು), ಸ್ಟ್ರಟ್ (ಸ್ಪ್ರಿಂಗ್ ಕೂರುವ ಶಾಕ್ ಅಬ್ಸಾರ್ಬರ್) ಈಗ ಹಿಂದಕ್ಕೆ ಬರುತ್ತವೆ. ಸ್ಟೀರಿಂಗ್ ರಾಡ್ ಕೂರುತ್ತಿದ್ದ ತೋಳನ್ನು ಚೌಕಟ್ಟಿಗೆ ಒಂದು ಗಟ್ಟಿ ಟೈ ರಾಡಿನಿಂದ ಕಟ್ಟಬೇಕು, ಇಲ್ಲದಿದ್ದರೆ ಹಿಂದಿನ ಚಕ್ರವೂ ತಿರುಗುವ ಕಾರಾಗುತ್ತದೆ. ಈ ರಾಡಿನ ಒಳತುದಿ ಕೆಳಗಿನ ಆರ್ಮ್‌ನ ಒಳಗೀಲಿನ ಎತ್ತರಕ್ಕೆ ಹತ್ತಿರ ಇರಲಿ, ಎರಡರ ಉದ್ದವೂ ಹತ್ತಿರ ಹತ್ತಿರ ಇರಲಿ. ವ್ಯತ್ಯಾಸ ದೊಡ್ಡದಾದರೆ ಹೊಂಡಕ್ಕೆ ಬಿದ್ದಾಗಲೆಲ್ಲ ಕಾರು ತಾನೇ ದಿಕ್ಕು ಬದಲಿಸುತ್ತದೆ.

ಸ್ಪ್ರಿಂಗ್ ಲೆಕ್ಕ ಒಂದೇ ಸಾಲಿನದು. ಹಿಂದಿನ ಒಂದು ಮೂಲೆಗೆ 200 ಕೆಜಿ, ಅದರಲ್ಲಿ ಚಕ್ರ, ಹಬ್ಬು 30 ಕಳೆದರೆ 170. ಸೆಕೆಂಡಿಗೆ 1.8 ಸಲ ಆಡುವ ಗಡಸುತನ ಬೇಕೆಂದರೆ ಚಕ್ರದ ಬಳಿ ಮಿಮೀಗೆ 22 ನ್ಯೂಟನ್, ಸ್ಟ್ರಟ್ ಓರೆಯಾಗಿರುವುದರಿಂದ ಸ್ಪ್ರಿಂಗ್ 24ರ ಆಸುಪಾಸು.

42 ಡಿಗ್ರಿಯ ಲೆಕ್ಕ

ಸಮುದ್ರಮಟ್ಟದಲ್ಲಿ 15 ಡಿಗ್ರಿಯ ಗಾಳಿ ಘನ ಮೀಟರಿಗೆ 1.225 ಕೆಜಿ ತೂಗುತ್ತದೆ. ಬಳ್ಳಾರಿ ಇರುವುದು ಸುಮಾರು 485 ಮೀಟರ್ ಎತ್ತರದಲ್ಲಿ. ಬೇಸಿಗೆಯ ಮಧ್ಯಾಹ್ನ 42 ಡಿಗ್ರಿ. ಎರಡೂ ಸೇರಿ ಗಾಳಿ 1.06 ಕೆಜಿಗೆ ಇಳಿಯುತ್ತದೆ, ಅಂದರೆ ಶೇ. 14 ತೆಳು. ಟರ್ಬೊ ಇಲ್ಲದ ಎಂಜಿನ್ ಈ ನಷ್ಟವನ್ನು ಹಾಗೇ ಅನುಭವಿಸುತ್ತದೆ. ಟರ್ಬೊ ಇದ್ದರೆ ತಾನೇ ಇನ್ನಷ್ಟು ಜೋರಾಗಿ ತಿರುಗಿ ಸರಿದೂಗಿಸುತ್ತದೆ, ಆದರೆ ಆ ದುಡಿಮೆಯ ಕೂಲಿಯನ್ನು ಶಾಖವಾಗಿ ವಸೂಲಿ ಮಾಡುತ್ತದೆ.

ಎಷ್ಟು ಶಾಖ? 0.7 ಬಾರ್ ಬೂಸ್ಟ್, ಟರ್ಬೊದಲ್ಲಿ ಗಾಳಿ ಒತ್ತುವ ಭಾಗವಾದ ಕಂಪ್ರೆಸರಿನ ದಕ್ಷತೆ ಶೇ. 70 ಅಂದರೆ, 42 ಡಿಗ್ರಿಯ ಗಾಳಿ ಒಳಹೋಗಿ 118 ಡಿಗ್ರಿಯಾಗಿ ಹೊರಬರುತ್ತದೆ. ಇಂಟರ್‌ಕೂಲರ್ ಶೇ. 70ರಷ್ಟು ಕೆಲಸ ಮಾಡಿದರೆ ಎಂಜಿನ್ನಿಗೆ 65 ಡಿಗ್ರಿಯ ಗಾಳಿ ತಲುಪುತ್ತದೆ. ಇದು ತಡೆದುಕೊಳ್ಳುವ ಮಟ್ಟ. ಈಗ ಸಾಮಾನ್ಯವಾಗಿ ಆಗುವ ತಪ್ಪು ನೋಡಿ: ಫಿಲ್ಟರನ್ನು ಎಂಜಿನ್ ಪಕ್ಕದ 60 ಡಿಗ್ರಿಯ ಗಾಳಿಗೆ ಬಾಯಿಬಿಟ್ಟು ಇಡುತ್ತಾರೆ. ಕಂಪ್ರೆಸರ್ ದಾಟಿದ ಗಾಳಿ 140 ಡಿಗ್ರಿ. ಇಂಟರ್‌ಕೂಲರಿಗೂ ಅದೇ ಬಿಸಿಗಾಳಿ ಬಡಿಯುತ್ತಿದ್ದರೆ ಎಂಜಿನ್ನಿಗೆ ಹೋಗುವುದು 84 ಡಿಗ್ರಿಯ ಗಾಳಿ. ಈ ಹದದಲ್ಲಿ ಕಿಡಿ ಹೊತ್ತಿಸಿದ ಬೆಂಕಿ ತಲುಪುವ ಮೊದಲೇ ಉಳಿದ ಪೆಟ್ರೋಲ್ ತಾನೇ ಸಿಡಿಯತೊಡಗುತ್ತದೆ. ಆ ಸಿಡಿತದ ಸದ್ದನ್ನು ನಾಕ್ ಸೆನ್ಸರ್ ಕೇಳಿಸಿಕೊಂಡರೆ ಇಸಿಯು ಕಿಡಿಯ ಟೈಮಿಂಗ್ ಹಿಂದಕ್ಕೆ ತಳ್ಳುತ್ತದೆ, ಪಿಕಪ್ ಸಾಯುತ್ತದೆ. ಸೆನ್ಸರ್ ಇಲ್ಲದ ಎಂಜಿನ್ನಾದರೆ ಪಿಸ್ಟನ್ನಿನ ರಿಂಗ್ ಅಂಚು ಮುರಿಯುತ್ತದೆ.

ಎಂಜಿನ್ ಹಿಂದೆ ಇರುವ ಕಾರಿನಲ್ಲಿ ಇಂಟರ್‌ಕೂಲರಿಗೆ ಗಾಳಿ ತಾನಾಗಿ ಬರುವುದಿಲ್ಲ. ಪಕ್ಕದ ಬಾಗಿಲ ಹಿಂದೆ ಕಿಂಡಿ ಕೊಟ್ಟು, ಅಲ್ಲಿಂದ ಇಂಟರ್‌ಕೂಲರ್ ಮುಖದವರೆಗೆ ತಗಡಿನ ಕೊಳವೆ ಮಾಡಿ. ಕಿಂಡಿಯ ಬಾಯಿ ಇಂಟರ್‌ಕೂಲರ್ ಮುಖದ ಮೂರರಲ್ಲೊಂದು ಭಾಗ ಇದ್ದರೆ ಸಾಕು, ಆದರೆ ಸಂದುಗಳನ್ನೆಲ್ಲ ರಬ್ಬರ್ ಶೀಟಿನಿಂದ ಮುಚ್ಚಿರಬೇಕು. ಗಾಳಿ ಸುಲಭದ ದಾರಿ ಹಿಡಿಯುತ್ತದೆ, ಪಕ್ಕದಲ್ಲಿ ಒಂದು ಬೆರಳಿನ ಸಂದಿ ಸಿಕ್ಕರೂ ಫಿನ್ನುಗಳ ಒಳಗೆ ನುಗ್ಗುವುದಿಲ್ಲ. ಹಿಂದಿನಿಂದ ಎಳೆಯುವ ಒಂದು ಸಣ್ಣ ಎಲೆಕ್ಟ್ರಿಕ್ ಫ್ಯಾನ್ ಕೂಡ ಇರಲಿ, ಹೊಲದ ದಾರಿಯ ವೇಗಕ್ಕೆ ಕಿಂಡಿಯೊಂದೇ ಸಾಲದು.

ರೇಡಿಯೇಟರ್ ಮುಂದೆಯೇ ಇರಲಿ. ಕೂಲೆಂಟ್ 95 ಡಿಗ್ರಿ, ಹೊರಗಿನ ಗಾಳಿ 22 ಡಿಗ್ರಿ ಇದ್ದರೆ ಶಾಖ ಹರಿಯಲು 73 ಡಿಗ್ರಿಯ ಅಂತರ ಸಿಗುತ್ತದೆ. ಗಾಳಿ 42 ಆದರೆ ಅಂತರ 53. ಅದೇ ರೇಡಿಯೇಟರ್ ಇಲ್ಲಿ ಶೇ. 27 ಕಡಿಮೆ ಕೆಲಸ ಮಾಡುತ್ತದೆ. ತಂಪು ಊರಿನಲ್ಲಿ ಸಾಕಾಗಿದ್ದ ಸಣ್ಣ ರೇಡಿಯೇಟರ್ ಹಾಕಿದರೆ ಏನಾಗುತ್ತದೆ ಅಂತ ಬೇರೆ ಹೇಳಬೇಕಿಲ್ಲ. ಮೂಲ ಕಾರಿನ ರೇಡಿಯೇಟರ್, ಫ್ಯಾನ್, ಫ್ಯಾನ್ ಸುತ್ತಿನ ಪ್ಲಾಸ್ಟಿಕ್ ಶ್ರೌಡ್ ಮೂರನ್ನೂ ಒಟ್ಟಿಗೆ ಹಾಕಿ. ಶ್ರೌಡ್ ಬಿಟ್ಟರೆ ಫ್ಯಾನ್ ತನ್ನ ಎದುರಿನ ದುಂಡು ಜಾಗದಿಂದ ಮಾತ್ರ ಗಾಳಿ ಎಳೆಯುತ್ತದೆ.

ಮುಂದಿನಿಂದ ಹಿಂದಕ್ಕೆ 32 ಮಿಮೀ ಅಲ್ಯೂಮಿನಿಯಂ ಪೈಪ್ ಎರಡು, ತಲಾ 2.5 ಮೀಟರ್. ಇವೇ ಮೂರು ಲೀಟರಿಗಿಂತ ಹೆಚ್ಚು ಕೂಲೆಂಟ್ ಹಿಡಿಯುತ್ತವೆ. ಒಟ್ಟು ಕೂಲೆಂಟ್ 9 ಲೀಟರ್ ಆದರೆ, ಬಿಸಿಯಾದಾಗ ಸುಮಾರು ಅರ್ಧ ಲೀಟರ್ ಹಿಗ್ಗುತ್ತದೆ. ಮೇಲಿನ ಟ್ಯಾಂಕಿನಲ್ಲಿ ಅಷ್ಟಕ್ಕಿಂತ ಹೆಚ್ಚು ಖಾಲಿ ಜಾಗ ಬೇಕು, ಮತ್ತು ಆ ಟ್ಯಾಂಕ್ ಇಡೀ ಕಾರಿನ ಕೂಲಿಂಗ್‌ನಲ್ಲಿ ಎಲ್ಲಕ್ಕಿಂತ ಎತ್ತರದಲ್ಲಿ ಇರಬೇಕು. ಪೈಪು ಎಲ್ಲಿಯಾದರೂ ಕಮಾನಿನಂತೆ ಎದ್ದು ಇಳಿದರೆ ಅಲ್ಲಿ ಗಾಳಿ ಕಟ್ಟುತ್ತದೆ. ಮೀಟರ್ 90 ತೋರಿಸುತ್ತಲೇ ಇರುತ್ತದೆ, ಹೆಡ್ ಗ್ಯಾಸ್ಕೆಟ್ ಸುಟ್ಟಿರುತ್ತದೆ. ರೇಡಿಯೇಟರಿನ ನೆತ್ತಿಗೂ ಪ್ರತಿ ಎತ್ತರದ ಜಾಗಕ್ಕೂ ಗಾಳಿ ಬಿಡಿಸುವ ಒಂದು ಬ್ಲೀಡ್ ಸ್ಕ್ರೂ ಕೊಡಿ. 1.1 ಬಾರ್ ಮುಚ್ಚಳ ಇದ್ದರೆ ಬರೀ ನೀರು ಕೂಡ 120 ಡಿಗ್ರಿಯವರೆಗೆ ಕುದಿಯುವುದಿಲ್ಲ, ಹಳೆಯ ಮುಚ್ಚಳದ ಸ್ಪ್ರಿಂಗ್ ಸೋತಿದ್ದರೆ ಈ ಲಾಭವೆಲ್ಲ ಹೋಯಿತು. ಬೋರ್‌ವೆಲ್ ನೀರು ಮಾತ್ರ ಹಾಕಬೇಡಿ. ರಾಯಚೂರು, ಕೊಪ್ಪಳದ ಗಡಸು ನೀರು ಕೊಡದ ತಳದಲ್ಲಿ ಬಿಡುವ ಬಿಳಿ ಪದರವನ್ನೇ ರೇಡಿಯೇಟರಿನ ಕೊಳವೆಯಲ್ಲೂ ಬಿಡುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು, ಅದಕ್ಕೆ ಮೂರರಲ್ಲೊಂದು ಪಾಲು ಕೂಲೆಂಟ್. ಇಲ್ಲಿ ಹಿಮದ ಭಯವಿಲ್ಲ, ಕೂಲೆಂಟ್ ಬೇಕಿರುವುದು ತುಕ್ಕು ತಡೆಯಲು.

ಕೆಂಧೂಳು

ಟರ್ಬೊದ ಚಕ್ರ ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುತ್ತದೆ. ಆ ವೇಗದಲ್ಲಿ ಕಬ್ಬಿಣದ ಅದಿರಿನ ಧೂಳು ಮರಳು ಕಾಗದದಂತೆ ಅಲಗುಗಳನ್ನು ತಿನ್ನುತ್ತದೆ. ಮಿಂಚುವ ಕೋನ್ ಫಿಲ್ಟರ್ ನೋಡಲು ಚೆಂದ, ಸದ್ದೂ ಚೆಂದ, ಆದರೆ ಅದಿರಿನ ಲಾರಿ ಓಡಾಡುವ ಸೀಮೆಗೆ ಅಲ್ಲ. ಮೂಲ ಕಾರಿನ ಮುಚ್ಚಿದ ಪೆಟ್ಟಿಗೆ, ಕಾಗದದ ಫಿಲ್ಟರ್ ಉಳಿಸಿಕೊಳ್ಳಿ. ಅದರ ಮುಂದೆ ಟ್ರ್ಯಾಕ್ಟರಿಗೆ ಹಾಕುವ ಪ್ರಿ-ಕ್ಲೀನರ್ ಇಟ್ಟರೆ ಇನ್ನೂ ಒಳ್ಳೆಯದು. ಅದು ಗಾಳಿಯನ್ನು ಸುಳಿಯಂತೆ ತಿರುಗಿಸಿ ದಪ್ಪ ಧೂಳನ್ನು ಬಟ್ಟಲಿಗೆ ಉದುರಿಸುತ್ತದೆ. ಗಂಗಾವತಿಯ ಯಾವ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯಲ್ಲಾದರೂ ಕೇಳಿ. ಪಡ್ಡೆ ಹುಡುಗರು ನಕ್ಕರೆ ನಗಲಿ.

ಫಿಲ್ಟರಿಗಿಂತ ಹೆಚ್ಚು ಎಂಜಿನ್ ಕೊಲ್ಲುವುದು ಫಿಲ್ಟರ್ ಮತ್ತು ಟರ್ಬೊ ನಡುವಿನ ಪೈಪು. ಅಲ್ಲಿ ಸದಾ ಎಳೆತ ಇರುವುದರಿಂದ ಸಡಿಲ ಕ್ಲಿಪ್ಪಿನ ಸಂದಿಯಿಂದ ಧೂಳು ಸೋಸದೇ ಒಳಗೆ ಹೋಗುತ್ತದೆ. ತೆಳು ರಬ್ಬರ್ ಪೈಪಾದರೆ ಜೋರು ಎಳೆತಕ್ಕೆ ಚಪ್ಪಟೆಯಾಗಿ ಅಂಟಿಕೊಳ್ಳುತ್ತದೆ, ಒಳಗೆ ತಂತಿ ಇರುವ ಹೋಸ್ ಬೇಕು. ಪರೀಕ್ಷೆ ಸುಲಭ. ಫಿಲ್ಟರಿನ ಆಚೆ, ಟರ್ಬೊ ಕಡೆಯ ಪೈಪಿನೊಳಗೆ ಬೆರಳಲ್ಲಿ ತೆಳ್ಳಗೆ ಗ್ರೀಸ್ ಸವರಿ, 50 ಕಿಮೀ ಓಡಿಸಿ, ಬಿಳಿ ಬಟ್ಟೆಯಲ್ಲಿ ಒರೆಸಿ ನೋಡಿ. ಬಟ್ಟೆ ಕೆಂಪಾಗಿದ್ದರೆ ಸೋರಿಕೆ ಇದೆ.

ಟರ್ಬೊದಿಂದ ಎಂಜಿನ್ನಿಗೆ ಹೋಗುವ ಪೈಪಿನ ಕಷ್ಟ ಇದರ ತದ್ವಿರುದ್ಧ, ಅಲ್ಲಿ ಒತ್ತಡ. 50 ಮಿಮೀ ಅಲ್ಯೂಮಿನಿಯಂ ಪೈಪಿನ ತುದಿಗೆ ಉಬ್ಬು ಅಂಚು ಮಾಡಿಸದೆ ಸಿಲಿಕಾನ್ ಹೋಸ್ ಹಾಕಿದರೆ ಮೊದಲ ಬೂಸ್ಟಿಗೇ ಕಳಚುತ್ತದೆ. ಎಲ್ಲ ಜೋಡಿಸಿದ ಮೇಲೆ ಟರ್ಬೊದ ಬಾಯಿಗೆ ಬೆಣೆ ಹಾಕಿ, ರೆಗ್ಯುಲೇಟರ್ ಇಟ್ಟು ಪಂಚರ್ ಅಂಗಡಿಯ ಕಂಪ್ರೆಸರಿನಿಂದ 0.7 ಬಾರ್ ಗಾಳಿ ತುಂಬಿ, ಸೋಪಿನ ನೀರು ಹಚ್ಚಿ ನೋಡಿ. ರೆಗ್ಯುಲೇಟರ್ ಮರೆತರೆ 8 ಬಾರ್ ಗಾಳಿ ಇಂಟರ್‌ಕೂಲರನ್ನೇ ಹರಿಯುತ್ತದೆ.

ಎಣ್ಣೆ, ವೈರು, ಪೆಟ್ರೋಲು

ಟರ್ಬೊಗೆ ಎಣ್ಣೆ ಒತ್ತಡದಿಂದ ಹೋಗುತ್ತದೆ, ವಾಪಸ್ ಬರುವುದು ಮಾತ್ರ ತನ್ನ ಭಾರಕ್ಕೆ ತಾನು ಇಳಿದು. ಆದ್ದರಿಂದ ಇಳಿಯುವ ಪೈಪು ದಪ್ಪಗಿರಬೇಕು, ನೆಟ್ಟಗೆ ಕೆಳಮುಖ ಇರಬೇಕು, ಎಂಜಿನ್ ತಳದ ಸಂಪಿನಲ್ಲಿ ಎಣ್ಣೆಯ ಮಟ್ಟಕ್ಕಿಂತ ಮೇಲೆ ಸೇರಬೇಕು. ಜಾಗ ಸಾಲದೆಂದು ಎಂಜಿನ್ನನ್ನು ಹತ್ತು ಡಿಗ್ರಿ ವಾಲಿಸಿ ಕೂರಿಸಿದರೆ ಈ ಪೈಪಿನ ಇಳಿಜಾರು ಹೋಗುತ್ತದೆ, ಎಣ್ಣೆ ಟರ್ಬೊದೊಳಗೇ ನಿಂತು ಸೀಲ್ ದಾಟುತ್ತದೆ, ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತದೆ. ಜನ ಟರ್ಬೊ ಹೋಯಿತೆಂದು ಹೊಸದು ತರುತ್ತಾರೆ, ಅದೂ ಹೊಗೆ ಬಿಡುತ್ತದೆ. ಎಂಜಿನ್ ಮೂಲ ಕಾರಿನಲ್ಲಿ ಎಷ್ಟು ಓರೆ ಇತ್ತೋ ಅಷ್ಟೇ ಓರೆ ಇರಲಿ, ಬಿಚ್ಚುವ ಮೊದಲೇ ಮೊಬೈಲಿನಲ್ಲಿ ಕೋನ ಅಳೆದಿಟ್ಟುಕೊಳ್ಳಿ. ಹಗುರ ಕಾರು ತಿರುವಿನಲ್ಲಿ ಹೆಚ್ಚು ವೇಗ ಹಿಡಿಯುವುದರಿಂದ ಸಂಪಿನ ಎಣ್ಣೆ ಒಂದು ಬದಿಗೆ ಸರಿದು ಪಂಪಿನ ಬಾಯಿ ಬರಿದಾಗುತ್ತದೆ. ಒಳಗೆ ತಗಡಿನ ತಡೆಗೋಡೆ ಬೆಸೆಯಿಸುವುದು ಲೇತ್ ಅಂಗಡಿಯ ಅರ್ಧ ದಿನದ ಕೆಲಸ.

ವೈರಿಂಗ್‌ನಲ್ಲಿ ಕತ್ತರಿ ಹಿಡಿಯುವ ಮೊದಲು ಎಂಜಿನ್ನನ್ನು ನೆಲದ ಮೇಲೆಯೇ, ಪೂರ್ತಿ ವೈರಿಂಗ್ ಹರವಿಕೊಂಡು ಒಮ್ಮೆ ಸ್ಟಾರ್ಟ್ ಮಾಡಿ. ಓಡಿತೆಂದರೆ ಆಮೇಲೆ ಒಂದೊಂದೇ ಕಳೆಯುತ್ತ ಬನ್ನಿ: ಎಸಿ, ಪವರ್ ವಿಂಡೊ, ಮ್ಯೂಸಿಕ್. ಒಂದು ತೆಗೆದಾಗ ಎಂಜಿನ್ ನಿಂತರೆ ಕಾರಣ ಕೈಯಲ್ಲೇ ಇರುತ್ತದೆ. ಎಲ್ಲ ಒಟ್ಟಿಗೆ ಕತ್ತರಿಸಿ ಕೂತರೆ ವಾರಗಟ್ಟಲೆ ಹುಡುಕಾಟ. ಕೆಲವು ಕಾರುಗಳಲ್ಲಿ ಬ್ರೇಕಿನ ಎಬಿಎಸ್ ಪೆಟ್ಟಿಗೆಯಿಂದ ವೇಗದ ಸುದ್ದಿ ಬಾರದಿದ್ದರೆ ಇಸಿಯು ಶಕ್ತಿ ತಗ್ಗಿಸುತ್ತದೆ, ಹಾಗಾಗಿ ಎಬಿಎಸ್ ಕಳೆದ ದಿನ ಸ್ಕ್ಯಾನರ್ ಹಾಕಿ ನೋಡಿ. ಬ್ಯಾಟರಿ ಮುಂದೆ, ಎಂಜಿನ್ ಹಿಂದೆ ಆದರೆ 35 ಚದರ ಮಿಮೀ ತಾಮ್ರದ ಕೇಬಲ್ ಎಳೆಯಿರಿ. ಎಂಜಿನ್ ಬ್ಲಾಕಿನಿಂದ ಚೌಕಟ್ಟಿಗೆ ಬೇರೆಯೇ ಅರ್ಥಿಂಗ್ ಪಟ್ಟಿ ಬೇಕು. ಬಣ್ಣದ ಮೇಲೆ ಬೋಲ್ಟ್ ಮಾಡಿದ ಅರ್ಥಿಂಗ್ ಒಂದರಿಂದಲೇ ಸೆನ್ಸರ್‌ಗಳೆಲ್ಲ ಸುಳ್ಳು ಹೇಳುತ್ತವೆ.

ಪೆಟ್ರೋಲಿನ ವಿಷಯಕ್ಕೆ ಬಂದರೆ, ಈಗ ಬಂಕಿನಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆತದ್ದು. ಬರೀ ಪೆಟ್ರೋಲಿನ ಒಂದು ಕೆಜಿಗೆ 14.7 ಕೆಜಿ ಗಾಳಿ ಬೇಕು, ಈ ಮಿಶ್ರಣಕ್ಕೆ 13.5 ಸಾಕು. ಅಂದರೆ ಅದೇ ಗಾಳಿಗೆ ಶೇ. 8-9 ಹೆಚ್ಚು ಪೆಟ್ರೋಲ್ ಸುರಿಯಬೇಕು. 90 ಪಿಎಸ್‌ಗೆ ಗಂಟೆಗೆ 22 ಕೆಜಿ ಖರ್ಚಿನ ಲೆಕ್ಕದಲ್ಲಿ ಒಂದೊಂದು ಇಂಜೆಕ್ಟರ್ ನಿಮಿಷಕ್ಕೆ 123 ಸಿಸಿ ಕೊಡಬೇಕು. ಶೇ. 80ಕ್ಕಿಂತ ಹೆಚ್ಚು ಹೊತ್ತು ತೆರೆದಿಡಬಾರದು, ಎಥನಾಲಿನ ಪಾಲೂ ಸೇರಬೇಕು ಅಂದರೆ 166 ಸಿಸಿಯ ಇಂಜೆಕ್ಟರ್. ಮೂಲ ಬೂಸ್ಟಿಗೇ ಇಷ್ಟು ಬೇಕು. ಹಳೆಯ ರಬ್ಬರ್ ಪೈಪನ್ನು ಎಥನಾಲ್ ಮೆತ್ತಗೆ ಮಾಡಿ ಬಿರಿಸುತ್ತದೆ. ಬಿಸಿ ಟರ್ಬೊ ಪಕ್ಕದಲ್ಲಿ ಪೆಟ್ರೋಲ್ ತೊಟ್ಟಿಕ್ಕುವುದೆಂದರೆ ಬೆಂಕಿ, ಅದೂ ಚಾಲಕನ ಬೆನ್ನ ಹಿಂದೆ. ಎಥನಾಲ್ ತಡೆಯುವ ಇಂಜೆಕ್ಷನ್ ಹೋಸ್, ನಡುವೆ 1 ಮಿಮೀ ಉಕ್ಕಿನ ತಗಡಿನ ಗೋಡೆ, ಕೈಗೆ ಸಿಗುವಲ್ಲಿ ಬ್ಯಾಟರಿ ಕಟ್-ಆಫ್, 2 ಕೆಜಿಯ ಬೆಂಕಿ ಆರಿಸುವ ಸಿಲಿಂಡರ್. ಈ ನಾಲ್ಕರಲ್ಲಿ ಚೌಕಾಸಿ ಬೇಡ. ಟ್ಯಾಂಕಿನಲ್ಲಿ ಪೆಟ್ರೋಲ್ ಕಮ್ಮಿ ಇರುವಾಗ ತಿರುವಿನಲ್ಲಿ ಪಂಪ್ ಗಾಳಿ ಎಳೆಯುತ್ತದೆ, ಬೂಸ್ಟ್ ಇರುವಾಗ ಹಾಗಾದರೆ ಪಿಸ್ಟನ್ ಕರಗುತ್ತದೆ. ತಡೆಗೋಡೆಯಿರುವ ಟ್ಯಾಂಕ್ ಅಥವಾ ಒಂದೂವರೆ ಲೀಟರಿನ ಸಣ್ಣ ಉಪಟ್ಯಾಂಕ್ ಇರಲಿ.

ಬ್ರೇಕಿನ ಬಗ್ಗೆ ಒಂದೇ ಮಾತು. ಮೂಲ ಕಾರಿನ ಮುಂದಿನ ದೊಡ್ಡ ಡಿಸ್ಕ್ ಈಗ ಹಿಂದಕ್ಕೆ ಬಂದಿದೆ, ಮುಂದಕ್ಕೆ ಯಾವುದೋ ಸಣ್ಣ ಕಾರಿನದು ಬಂದಿದೆ. ಹಾಗೇ ಬಿಟ್ಟರೆ ಹಿಂದಿನ ಚಕ್ರ ಮೊದಲು ಕಚ್ಚಿಕೊಂಡು ಕಾರು ಬುಗುರಿಯಾಗುತ್ತದೆ. ಹಿಂದಿನ ಸಾಲಿಗೆ ಒತ್ತಡ ತಗ್ಗಿಸುವ ವಾಲ್ವ್ ಹಾಕಿ, ಖಾಲಿ ಮೈದಾನದಲ್ಲಿ 30 ಕಿಮೀ ವೇಗದಿಂದ ಶುರುಮಾಡಿ, ಮುಂದಿನ ಚಕ್ರವೇ ಮೊದಲು ನಿಲ್ಲುವವರೆಗೆ ತಿರುಗಿಸುತ್ತ ಹೋಗಿ.

ಮೊದಲ ಸ್ಟಾರ್ಟ್

ಟರ್ಬೊದ ಎಣ್ಣೆ ಬಾಯಿಗೆ 20-30 ಮಿಲಿ ಹೊಸ ಎಂಜಿನ್ ಆಯಿಲ್ ಹೊಯ್ದು ಚಕ್ರವನ್ನು ಕೈಯಲ್ಲಿ ತಿರುಗಿಸಿ. ಫ್ಯೂಯಲ್ ಪಂಪಿನ ಮತ್ತು ಇಂಜೆಕ್ಟರಿನ ಫ್ಯೂಸ್ ಕಿತ್ತು, ಸ್ಟಾರ್ಟರನ್ನು ಹತ್ತು ಹತ್ತು ಸೆಕೆಂಡು ಮಾತ್ರ ತಿರುಗಿಸುತ್ತ ಆಯಿಲ್ ದೀಪ ಆರುವವರೆಗೆ ಕಾಯಿರಿ. ಆಮೇಲೆ ಫ್ಯೂಸ್ ಹಾಕಿ, ಸ್ಟಾರ್ಟ್ ಮಾಡಿ, ಆಕ್ಸಿಲರೇಟರ್ ಮುಟ್ಟಬೇಡಿ. ಫ್ಯಾನ್ ಎರಡು ಸಲ ತಾನಾಗಿ ಓಡಿ ನಿಲ್ಲುವವರೆಗೆ ಹಾಗೇ ಬಿಟ್ಟು, ಬ್ಲೀಡ್ ಸ್ಕ್ರೂಗಳಿಂದ ಗಾಳಿ ಬಿಡಿಸಿ. ರೇಡಿಯೇಟರಿನ ಮೇಲಿನ ಪೈಪು ಬಿಸಿ, ಕೆಳಗಿನದು ತಣ್ಣಗೆ ಉಳಿದರೆ ಗಾಳಿ ಇನ್ನೂ ಇದೆ. ಪೂರ್ತಿ ತಣಿದ ಮೇಲೆ ಕೂಲೆಂಟ್ ಮಟ್ಟ ನೋಡಿ, ಸೈಲೆನ್ಸರ್ ಮ್ಯಾನಿಫೋಲ್ಡಿನ ನಟ್ಟುಗಳನ್ನು ಮತ್ತೆ ಬಿಗಿಯಿರಿ. ಇದನ್ನು ಮೂರು ಸಲ ಮಾಡಿದ ನಂತರ ಓಡಿಸಿ, ಮೊದಲ ಓಟಗಳಲ್ಲಿ ಅರ್ಧ ಕಾಲಿಗಿಂತ ಹೆಚ್ಚು ಒತ್ತಬೇಡಿ.

ಪೂರ್ತಿ ಬೂಸ್ಟಿನಲ್ಲಿ ನೋಡಬೇಕಾದ್ದು ಲ್ಯಾಂಬ್ಡಾ (ಗಾಳಿ-ಪೆಟ್ರೋಲ್ ಹದದ ಅಂಕಿ, 1ಕ್ಕಿಂತ ಕಡಿಮೆ ಅಂದರೆ ಪೆಟ್ರೋಲ್ ಹೆಚ್ಚು) 0.80 ರಿಂದ 0.85ರ ನಡುವೆ ಇದೆಯೇ, ಒಳಗಾಳಿಯ ಉಷ್ಣತೆ 70 ದಾಟುತ್ತಿದೆಯೇ ಎಂಬ ಎರಡು ಅಂಕಿ. ಮಧ್ಯಾಹ್ನ ಎರಡಕ್ಕೆ ನೋಡಿ, ಮುಂಜಾನೆ ಆರಕ್ಕೆ ನೋಡಿದರೆ ಎಲ್ಲ ಕಾರೂ ಚೆನ್ನಾಗಿಯೇ ಇರುತ್ತವೆ. ಗಾಡಿ ನಿಲ್ಲಿಸುವ ಮುನ್ನ ಒಂದು ನಿಮಿಷ ಐಡಲ್‌ನಲ್ಲಿ ಬಿಡಿ, ಕೆಂಪಗೆ ಕಾದ ಟರ್ಬೊದೊಳಗೆ ಎಣ್ಣೆ ನಿಂತರೆ ಸುಟ್ಟು ಕರಿಯಾಗಿ ದಾರಿ ಕಟ್ಟುತ್ತದೆ. ಮೊದಲ 100 ಕಿಮೀ ಆದ ಮೇಲೆ ಎಲ್ಲ ಹೋಸ್ ಕ್ಲಿಪ್, ಮೌಂಟ್ ಬೋಲ್ಟ್, ಡ್ರೈವ್ ಶಾಫ್ಟ್ ನಟ್ ಬಿಗಿಯಿರಿ, ಎಣ್ಣೆ ಬದಲಿಸಿ, ರೇಡಿಯೇಟರನ್ನು ಹಿಂದಿನಿಂದ ಮುಂದಕ್ಕೆ ನೀರು ಹಾಯಿಸಿ ತೊಳೆಯಿರಿ. ಇಳಿದ ನೀರು ಇನ್ನೂ ಕೆಂಪಾಗಿದ್ದರೆ ಇನ್ನೊಂದು ಬಕೆಟ್ ತನ್ನಿ.